ಹೋಮ್ಸ್ ನಕ್ಕ, ನಾನೂ ನಕ್ಕೆ

ಒಂದು ಕೆಲಸ ಇದೆ, ಮಾಡ್ತೀರಾ? ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ಮಾತ್ರ. ಟಾರ್ಗೆಟ್ ಇಲ್ಲ, ಮೀಟಿಂಗ್ ಇಲ್ಲ, ಮ್ಯಾನೇಜರ್ ಕಾಟ ಇಲ್ಲ. ಒಂದು ಕಡೆ ಕೂತು ದಪ್ಪ ಪುಸ್ತಕವೊಂದನ್ನು ನೋಡ್ಕೊಂಡು ಬರೀತಾ ಹೋದ್ರೆ ಆಯ್ತು. ಸಂಬಳ ಪ್ರತಿ ಶನಿವಾರ ಕೈಗೇ. ಷರತ್ತು ಒಂದೇ: ನಿಮ್ಮ ತಲೆಕೂದಲು ಕೆಂಪಗಿರಬೇಕು.

"ಇದ್ಯಾವುದೋ ಪಾರ್ಟ್‌ಟೈಮ್ ಜಾಬ್ ಸ್ಕ್ಯಾಮ್" ಅಂತ ನೀವು ಈಗಾಗಲೇ ಬ್ಲಾಕ್ ಮಾಡೋಕೆ ಹೊರಟಿರ್ತೀರಿ. ಸರಿಯಾಗೇ ಊಹಿಸಿದ್ರಿ, ಸ್ಕ್ಯಾಮೇ. ಆದ್ರೆ ಇದು ವಾಟ್ಸ್ಆ್ಯಪ್‌ನಲ್ಲಿ ಬಂದದ್ದಲ್ಲ. 1891ರಲ್ಲಿ, ಲಂಡನ್ನಿನ 'ಸ್ಟ್ರ್ಯಾಂಡ್' ಪತ್ರಿಕೆಯಲ್ಲಿ, ಆರ್ಥರ್ ಕಾನನ್ ಡಾಯ್ಲ್ ಬರೆದ ಷರ್ಲಾಕ್ ಹೋಮ್ಸ್ ಕಥೆಯಲ್ಲಿ ಬಂದದ್ದು. ಕಥೆಯ ಹೆಸರು 'ದಿ ರೆಡ್ ಹೆಡೆಡ್ ಲೀಗ್'. ಕೆಂಗೂದಲಿನವರ ಸಂಘ ಅಂದ್ಕೊಳ್ಳಿ.

ಕಥೆ ಹೀಗಿದೆ. ಜೇಬೆಜ್ ವಿಲ್ಸನ್ ಅಂತ ಒಬ್ಬ ಸಾಧಾರಣ ಗಿರವಿ ಅಂಗಡಿ ಮಾಲೀಕ. ವ್ಯಾಪಾರ ಅಷ್ಟಕ್ಕಷ್ಟೇ. ಅರ್ಧ ಸಂಬಳಕ್ಕೆ ಸಿಕ್ಕಿದ ಸ್ಪಾಲ್ಡಿಂಗ್ ಅನ್ನೋ ಹುಡುಗ ಅಂಗಡಿಯಲ್ಲಿದ್ದಾನೆ. ಒಂದು ದಿನ ಅವನೇ ಪೇಪರ್ ತಂದು ತೋರಿಸ್ತಾನೆ: "ಸಾರ್, ಕೆಂಪು ಕೂದಲಿನವರಿಗೆ ಕೆಲಸವಂತೆ, ವಾರಕ್ಕೆ 4 ಪೌಂಡ್." ಅಮೆರಿಕದ ಕೋಟ್ಯಧಿಪತಿಯೊಬ್ಬ ತನ್ನಂಥ ಕೆಂಗೂದಲಿನವರಿಗೆ ಅಂತಲೇ ದುಡ್ಡು ಬಿಟ್ಟು ಹೋಗಿದ್ದಾನೆ ಅನ್ನೋದು ಕಟ್ಟುಕಥೆ. ವಿಲ್ಸನ್ ಹೋಗ್ತಾನೆ. ಅಲ್ಲಿ ಸಂದರ್ಶನ ಮಾಡುವವನು ವಿಗ್ ಇರಬಹುದು ಅಂತ ಎರಡೂ ಕೈಯಿಂದ ಕೂದಲು ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ ಎಳೆದು ನೋಡ್ತಾನೆ. ಕೆಲಸ ಸಿಕ್ಕಿಬಿಡ್ತದೆ! ಏನು ಕೆಲಸ ಅಂದ್ರೆ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾವನ್ನು ಕೈಯಲ್ಲಿ ನಕಲು ಮಾಡೋದು. ಎಂಟು ವಾರ ವಿಲ್ಸನ್ ಶ್ರದ್ಧೆಯಿಂದ ಬರೀತಾನೆ. 'ಎ' ಅಕ್ಷರ ಮುಗಿಸಿ ಇನ್ನೇನು 'ಬಿ'ಗೆ ಹೋಗಬೇಕು ಅನ್ನೋ ಹೊತ್ತಿಗೆ, ಒಂದು ಬೆಳಿಗ್ಗೆ ಆಫೀಸಿಗೆ ಬೀಗ. ಬಾಗಿಲ ಮೇಲೆ ಚೀಟಿ: ಸಂಘ ವಿಸರ್ಜನೆಯಾಗಿದೆ.

ಅವನು ಅಲ್ಲಿ ಕೂತು ಬರೀತಿದ್ದಷ್ಟು ಹೊತ್ತು ಇಲ್ಲಿ ಸ್ಪಾಲ್ಡಿಂಗ್ ಅಂಗಡಿಯ ನೆಲಮಾಳಿಗೆಯಿಂದ ಪಕ್ಕದ ಬ್ಯಾಂಕಿಗೆ ಸುರಂಗ ಕೊರೀತಿದ್ದ. ಬ್ಯಾಂಕಿನ ತಿಜೋರಿಯಲ್ಲಿ 30,000 ಫ್ರೆಂಚ್ ಚಿನ್ನದ ನಾಣ್ಯ. ಸ್ಪಾಲ್ಡಿಂಗ್‌ನ ನಿಜವಾದ ಹೆಸರು ಜಾನ್ ಕ್ಲೇ. ರಾಜಮನೆತನದ ಮೊಮ್ಮಗ, ಈಟನ್ ಮತ್ತು ಆಕ್ಸ್‌ಫರ್ಡ್‌ನಲ್ಲಿ ಓದಿದವನು, ಲಂಡನ್ನಿನ ನಾಲ್ಕನೇ ಮಹಾ ಬುದ್ಧಿವಂತ ಅಂತ ಹೋಮ್ಸೇ ಲೆಕ್ಕ ಹಾಕಿಟ್ಟಿರೋ ಆಸಾಮಿ. ಸಿಕ್ಕಿಬಿದ್ದಾಗಲೂ ಕೋಳ ಹಾಕುವ ಪೊಲೀಸರಿಗೆ "ಸರ್ ಅನ್ನಿ, ಪ್ಲೀಸ್ ಅನ್ನಿ" ಅಂತ ಮರ್ಯಾದೆ ಪಾಠ ಹೇಳ್ತಾನೆ.

ಈ ಕಥೆಯನ್ನು ನಾನು ಮೊದಲು ಓದಿದ್ದು ಹೈಸ್ಕೂಲಿನಲ್ಲಿ. ಆಮೇಲೆ ಎಷ್ಟು ಸಲ ಓದಿದ್ದೀನೋ ಲೆಕ್ಕವಿಲ್ಲ. ಪ್ರತಿ ಸಲವೂ ಮೆಚ್ಚಿಕೊಂಡದ್ದು ಇಬ್ಬರನ್ನೇ, ಹೋಮ್ಸ್‌ನನ್ನು ಮತ್ತು ಕ್ಲೇಯನ್ನು. ವಿಲ್ಸನ್ ಬಗ್ಗೆ ಮೊದಲ ಸಲ ಯೋಚಿಸಿದ್ದು ಹೋದ ತಿಂಗಳು.

ಯಾಕೆ ಅಂತ ಹೇಳ್ತೀನಿ.

ಅಪ್ಪನಿಗೆ ಬಂದ ಫೋನ್

ನಮ್ಮ ಅಪ್ಪ ನಿವೃತ್ತ ಮೇಷ್ಟ್ರು. ತುಮಕೂರು ಜಿಲ್ಲೆಯ ಒಂದು ಊರಿನಲ್ಲಿ ಅಮ್ಮನ ಜೊತೆ ಇದ್ದಾರೆ. ಪತ್ತೇದಾರಿ ಹುಚ್ಚು ನನಗೆ ಬಂದದ್ದೇ ಅವರಿಂದ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಥೆಗಳನ್ನು ದಿನದ ಬಾಡಿಗೆಗೆ ತಂದು, ರಾತ್ರಿಯೇ ಓದಿ ಮುಗಿಸಿ, ಬೆಳಿಗ್ಗೆ ವಾಪಸ್ ಕೊಡ್ತಿದ್ದ ಕಾಲದವರು. ಟೀವಿಯಲ್ಲಿ ಯಾವ ಕ್ರೈಮ್ ಸೀರಿಯಲ್ ಬಂದ್ರೂ ಅರ್ಧ ಗಂಟೆಯೊಳಗೆ "ಅವನೇ ಕಣೆ ಕಳ್ಳ" ಅಂತ ಅಮ್ಮನಿಗೆ ಹೇಳಿ ಬೈಸಿಕೊಳ್ಳೋರು.

ಅಂಥ ಅಪ್ಪನಿಗೆ ಒಂದು ಮಂಗಳವಾರ ಫೋನ್ ಬಂತು. ನಿಮ್ಮ ಆಧಾರ್ ನಂಬರಿನಲ್ಲಿ ಅಕ್ರಮ ಖಾತೆ ಇದೆ, ನಿಮ್ಮ ಮೇಲೆ ಕೇಸಾಗಿದೆ ಅಂತ. ಆಮೇಲೆ ವಿಡಿಯೋ ಕಾಲ್. ಯೂನಿಫಾರ್ಮ್ ಹಾಕಿದವನು, ಹಿಂದೆ ಕಚೇರಿಯ ಥರದ ಗೋಡೆ. ಮೂರು ಗಂಟೆ ಹೊತ್ತು ಕ್ಯಾಮೆರಾ ಆಫ್ ಮಾಡೋಕೆ ಬಿಡಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಇದ್ರು, ಅವರಿಗೂ ಹೇಳಕೂಡದು ಅಂತ ಕಟ್ಟಪ್ಪಣೆ. ಕೊನೆಗೆ "ವೆರಿಫಿಕೇಶನ್ ಆದ ಮೇಲೆ ವಾಪಸ್ ಬರುತ್ತೆ" ಅಂತ ನಂಬಿಸಿ 1,85,000 ರೂಪಾಯಿ ಹಾಕಿಸಿಕೊಂಡರು. ಅಮ್ಮನ ಮಂಡಿ ಆಪರೇಷನ್ನಿಗೆ ಅಂತ ಇಟ್ಟಿದ್ದ ದುಡ್ಡು.

ಇದು ನನಗೆ ಗೊತ್ತಾದದ್ದು ಹನ್ನೊಂದು ದಿನದ ನಂತರ. ಅಪ್ಪ ಫೋನಿನಲ್ಲಿ ತಡವರಿಸ್ತಾ ಹೇಳಿದರು. ನಾನು ಆಗ ಮೆಟ್ರೋದಲ್ಲಿದ್ದೆ. ನನ್ನ ಬಾಯಿಂದ ಬಂದ ಮೊದಲ ಸದ್ದು ನಗು. "ಅಲ್ಲಪ್ಪಾ, ಅಷ್ಟೊಂದು ಪತ್ತೇದಾರಿ ಕಾದಂಬರಿ ಓದಿದೋರು ನೀವು..." ಅಂದೆ. ಗೇಲಿ ಮಾಡಬೇಕು ಅಂತ ನಕ್ಕಿದ್ದಲ್ಲ, ಗಾಬರಿಗೆ ಬಂದ ನಗು. ಆದ್ರೆ ಫೋನಿನ ಆ ಕಡೆ ಇದ್ದವರಿಗೆ ಅದು ಹೇಗೆ ತಿಳೀಬೇಕು? ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಮಗಳೇ, ಇಡ್ತೀನಿ" ಅಂದರು. ಮತ್ತೆ ಎರಡು ದಿನ ಫೋನ್ ಎತ್ತಲಿಲ್ಲ.

ಆ ಎರಡು ದಿನದಲ್ಲೇ ನನಗೆ ವಿಲ್ಸನ್ ನೆನಪಾದದ್ದು. ಪುಸ್ತಕ ತೆಗೆದು ನೋಡಿದೆ. ನನ್ನ ನೆನಪು ಸರಿಯಾಗಿತ್ತು. ವಿಲ್ಸನ್ ತನ್ನ ಕಥೆಯನ್ನೆಲ್ಲ ಹೇಳಿ, ಬಾಗಿಲ ಮೇಲಿದ್ದ ಆ ಚೀಟಿಯನ್ನು ತೋರಿಸಿದಾಗ, ಹೋಮ್ಸ್ ಮತ್ತು ವ್ಯಾಟ್ಸನ್ ಇಬ್ಬರೂ ತಡೆಯಲಾರದೆ ಜೋರಾಗಿ ನಗ್ತಾರೆ. ವಿಲ್ಸನ್‌ನ ಮುಖ ಕೂದಲಿನ ಬುಡದವರೆಗೂ ಕೆಂಪಾಗ್ತದೆ. ನಗೋದಷ್ಟೇ ನಿಮ್ಮ ಕೆಲಸವಾದ್ರೆ ನಾನು ಬೇರೆ ಕಡೆ ಹೋಗ್ತೀನಿ ಅಂತ ಎದ್ದು ನಿಲ್ತಾನೆ. ಹೋಮ್ಸ್ ಅವನನ್ನು ಮತ್ತೆ ಕುರ್ಚಿಗೆ ಕೂರಿಸಬೇಕಾಗ್ತದೆ. ಈ ಜಾಗದಲ್ಲಿ ನಾನೂ ಪ್ರತಿ ಸಲ ನಗ್ತಿದ್ದೆ.

ಕಳ್ಳ ಹೀರೋ ಆದ ಕಥೆ

ಪತ್ತೇದಾರಿ ಕಥೆಗಳ ವಿಚಿತ್ರ ಇದು ನೋಡಿ. ಅಲ್ಲಿ ಇಬ್ಬರು ಬುದ್ಧಿವಂತರ ಪಂದ್ಯ ನಡೀತಿರುತ್ತೆ, ಒಬ್ಬ ಪತ್ತೇದಾರ, ಒಬ್ಬ ಖದೀಮ. ಕಳ್ಕೊಂಡವನು ಪಂದ್ಯ ಶುರು ಮಾಡೋಕೆ ಬಂದು ಹೋಗುವವನು.

ಹೋಮ್ಸ್ ಜನಪ್ರಿಯನಾದ ಕೆಲವೇ ವರ್ಷಗಳಲ್ಲಿ ಪಂದ್ಯದ ಆ ಕಡೆಯವನೇ ಹೀರೋ ಆಗಿಬಿಟ್ಟ. ಅದನ್ನು ಮಾಡಿದ್ದು ಡಾಯ್ಲ್ ಮನೆಯವರೇ. ಅವರ ತಂಗಿಯ ಗಂಡ ಇ. ಡಬ್ಲ್ಯು. ಹಾರ್ನಂಗ್, 1899ರಲ್ಲಿ 'ದಿ ಅಮೆಚೂರ್ ಕ್ರ್ಯಾಕ್ಸ್‌ಮನ್' ಅನ್ನೋ ಕಥಾಸಂಕಲನ ತಂದರು. ಅದರ ನಾಯಕ ರಾಫಲ್ಸ್. ಹಗಲು ಹೊತ್ತು ಇಂಗ್ಲೆಂಡಿನ ಒಳ್ಳೇ ಕ್ರಿಕೆಟಿಗ, ಸ್ಪಿನ್ ಬೌಲರ್, ಶ್ರೀಮಂತರ ಮನೆಗಳ ಅತಿಥಿ. ರಾತ್ರಿ ಆ ಮನೆಗಳಿಗೇ ಕನ್ನ. ಹೋಮ್ಸ್‌ಗೆ ವ್ಯಾಟ್ಸನ್ ಇದ್ದ ಹಾಗೆ ಇವನಿಗೆ ಬನ್ನಿ ಅನ್ನೋ ಗೆಳೆಯ. ಹಾರ್ನಂಗ್ ಪುಸ್ತಕವನ್ನು ಡಾಯ್ಲ್‌ಗೇ ಅರ್ಪಿಸಿದರು. ಡಾಯ್ಲ್‌ಗೆ ಬರವಣಿಗೆ ಹಿಡಿಸಿತು, ವಿಷಯ ಹಿಡಿಸಲಿಲ್ಲ. ಅಪರಾಧಿಯನ್ನು ನಾಯಕ ಮಾಡಬಾರದು, ಅದು ಅಪಾಯ ಅಂತ ಹಾರ್ನಂಗ್‌ಗೆ ಮೊದಲೇ ಹೇಳಿದ್ದೆ ಅಂತ ತಮ್ಮ ಆತ್ಮಕಥೆಯಲ್ಲಿ ಬರ್ಕೊಂಡಿದ್ದಾರೆ.

1905ರಲ್ಲಿ ಫ್ರಾನ್ಸಿನ ಮೊರೀಸ್ ಲೆಬ್ಲಾಂ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ ಆರ್ಸೆನ್ ಲುಪಾನ್ ವೇಷ ಬದಲಿಸುವುದರಲ್ಲಿ ನಿಸ್ಸೀಮ, ಮಾತಿನಲ್ಲಿ ಮೋಡಿಗಾರ. ಲೆಬ್ಲಾಂ ತಮ್ಮ ಕಥೆಗೆ ಷರ್ಲಾಕ್ ಹೋಮ್ಸ್‌ನನ್ನೇ ಎಳೆದು ತಂದರು. ಡಾಯ್ಲ್ ಆಕ್ಷೇಪಿಸಿದ ಮೇಲೆ ಹೆಸರಿನ ಅಕ್ಷರಗಳನ್ನು ಅದಲು ಬದಲು ಮಾಡಿ 'ಹೆರ್ಲಾಕ್ ಶೋಲ್ಮ್ಸ್' ಅಂತ ಇಟ್ಟು ಆಟ ಮುಂದುವರಿಸಿದರು! 2021ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ಲುಪಾನ್' ಸೀರೀಸ್‌ನ ನಾಯಕ ಈ ಪುಸ್ತಕಗಳನ್ನು ಓದಿಯೇ ಕಳ್ಳತನ ಕಲಿತವನು. ನಿಮ್ಮಲ್ಲಿ ಅರ್ಧ ಜನ ಅದನ್ನು ಒಂದೇ ವೀಕೆಂಡ್‌ನಲ್ಲಿ ನೋಡಿ ಮುಗಿಸಿದ್ದೀರಿ. ನಾನೂ ಅಷ್ಟೇ.

ಇವರನ್ನೆಲ್ಲ ಇಷ್ಟಪಡೋದು ತಪ್ಪು ಅಂತ ನಾನೇನೂ ಹೇಳೋದಿಲ್ಲ. ಕಥೆ ಕಥೆಯೇ. ಆದ್ರೆ ಇವರನ್ನು ಓದಿ ಓದಿ ನಮಗೊಂದು ಅಭ್ಯಾಸ ಅಂಟಿಕೊಂಡಿದೆ ಅನ್ನೋದು ನನ್ನ ಅನುಮಾನ. ಮೋಸ ಅಂದ್ರೆ ಬುದ್ಧಿಯ ಪರೀಕ್ಷೆ, ಮೋಸ ಹೋದವನು ಅದರಲ್ಲಿ ಫೇಲಾದವನು ಅನ್ನೋ ಅಭ್ಯಾಸ. ಆಫೀಸಿನಲ್ಲಿ ಯಾರೋ ಸ್ಕ್ಯಾಮ್‌ನಲ್ಲಿ ದುಡ್ಡು ಕಳ್ಕೊಂಡ್ರು ಅಂದ ಕೂಡಲೇ ನಾವು ಕೇಳೋದು ಏನು? "ಅಷ್ಟೂ ಗೊತ್ತಾಗ್ಲಿಲ್ವಾ?"

ಅಪ್ಪನ ಹತ್ತಿರ ಬಂದವನು ಯಾರು?

ಅಪ್ಪನಿಗೆ ಫೋನ್ ಮಾಡಿದವನು ಲುಪಾನ್ ಅಲ್ಲ, ರಾಫಲ್ಸೂ ಅಲ್ಲ. ಅವನ ಪೂರ್ವಜ ಹೋಮ್ಸ್ ಕಥೆಗಳಲ್ಲೇ ಇದ್ದಾನೆ. ಮೊರಿಯಾರ್ಟಿ ಅಂತ ನೀವು ಹೇಳಬಹುದು. ಜಲಪಾತದಂಚಿನಲ್ಲಿ ಹೋಮ್ಸ್ ಜೊತೆ ಸೆಣಸಿದ ಆ ಗಣಿತದ ಪ್ರೊಫೆಸರ್‌ಗೆ ಹೆಸರು ದೊಡ್ಡದು. ಆದ್ರೆ ಲಂಡನ್ನಿನ ಅತಿ ಕೆಟ್ಟ ಮನುಷ್ಯ ಅಂತ ಹೋಮ್ಸ್ ಕರೆಯೋದು ಇನ್ನೊಬ್ಬನನ್ನು, ಚಾರ್ಲ್ಸ್ ಆಗಸ್ಟಸ್ ಮಿಲ್ವರ್ಟನ್‌ನನ್ನು. ಕಥೆ ಬಂದದ್ದು 1904ರಲ್ಲಿ.

ಮಿಲ್ವರ್ಟನ್ ಯಾರ ಮನೆಗೂ ಕನ್ನ ಹಾಕೋದಿಲ್ಲ. ದೊಡ್ಡ ಮನೆಗಳ ಆಳುಕಾಳುಗಳಿಂದ ಹೆಂಗಸರ ಹಳೇ ಪತ್ರಗಳನ್ನು ಕೊಂಡುಕೊಳ್ತಾನೆ. ಆಮೇಲೆ ನಗುನಗ್ತಾ ರೇಟು ಹೇಳ್ತಾನೆ. ಮದುವೆ ನಿಶ್ಚಯವಾದ ಹುಡುಗಿಯೊಬ್ಬಳಿಗೆ 7,000 ಪೌಂಡ್ ಕೇಳ್ತಾನೆ, ಅವಳ ಹತ್ತಿರ ಇರೋದು 2,000. ಕೊಡದಿದ್ರೆ ಪತ್ರ ಗಂಡಿನ ಕೈಗೆ. ಎಷ್ಟೋ ಕೊಲೆಗಾರರನ್ನು ಕಂಡ ಹೋಮ್ಸ್‌ಗೆ ಇವನನ್ನು ಕಂಡ್ರೆ ಹಾವು ಕಂಡ ಹಾಗೆ ಮೈ ಜುಮ್ಮೆನ್ನುತ್ತೆ. ಪೊಲೀಸರಿಗೆ ಹೇಳಬಾರದಾ ಅಂತ ವ್ಯಾಟ್ಸನ್ ಕೇಳಿದ್ರೆ ಹೋಮ್ಸ್ ಕೊಡೋ ಉತ್ತರದ ಸಾರ ಇಷ್ಟು: ದೂರು ಕೊಟ್ಟವಳ ಬದುಕೇ ಹಾಳಾಗೋದಾದ್ರೆ ಯಾರು ಕೊಡ್ತಾರೆ?

ಮಿಲ್ವರ್ಟನ್‌ನ ಬಂಡವಾಳವೇ ಅದು, ಬೇರೆಯವರ ನಾಚಿಕೆ. ಅಪ್ಪನಿಗೂ ಅವತ್ತು ಅದೇ ಹೇಳಿದ್ದರಂತೆ: ಪೇಪರಿನಲ್ಲಿ ಫೋಟೋ ಬರುತ್ತೆ, ಊರಿಗೆಲ್ಲ ಗೊತ್ತಾಗುತ್ತೆ, ಮಗಳ ಆಫೀಸಿಗೂ ಪೊಲೀಸರು ಹೋಗ್ತಾರೆ. ನಲವತ್ತು ವರ್ಷ 'ಮೇಷ್ಟ್ರು' ಅನ್ನಿಸಿಕೊಂಡ ಮನುಷ್ಯ. ದುಡ್ಡು ಹೋದ ಮೇಲೂ ಅದೇ ನಾಚಿಕೆ ಅವರ ಬಾಯಿ ಕಟ್ಟಿತ್ತು. ಹನ್ನೊಂದು ದಿನ ಅಮ್ಮನಿಗೂ ಹೇಳದೆ, ಸರಿಯಾಗಿ ನಿದ್ದೆ ಮಾಡದೆ ಕಳೆದಿದ್ದಾರೆ. ಹನ್ನೆರಡನೇ ದಿನ ಧೈರ್ಯ ಮಾಡಿ ಮಗಳಿಗೆ ಹೇಳಿದ್ರೆ ಮಗಳು ನಕ್ಕಳು.

ಆ ಕಥೆಯ ಕೊನೆ ಗೊತ್ತಲ್ವಾ? ಪತ್ರ ಕದಿಯೋಕೆ ಹೋಮ್ಸ್ ಮತ್ತು ವ್ಯಾಟ್ಸನ್ ತಾವೇ ಕಳ್ಳರಾಗಿ ರಾತ್ರಿ ಮಿಲ್ವರ್ಟನ್ ಮನೆಗೆ ನುಗ್ತಾರೆ. ಪರದೆ ಹಿಂದೆ ಅಡಗಿರುವಾಗ, ಹಿಂದೆ ಅವನಿಂದ ಬದುಕು ಕಳ್ಕೊಂಡ ಹೆಂಗಸೊಬ್ಬಳು ಬಂದು ಅವನನ್ನು ಗುಂಡಿಟ್ಟು ಕೊಲ್ತಾಳೆ. ಹೋಮ್ಸ್ ಅವಳನ್ನು ಹಿಡಿಯೋದಿಲ್ಲ. ತಿಜೋರಿಯಲ್ಲಿದ್ದ ಪತ್ರಗಳನ್ನೆಲ್ಲ ತೆಗೆದು ಬೆಂಕಿಗೆ ಹಾಕ್ತಾನೆ. ಮರುದಿನ ಪೊಲೀಸರು ಸಹಾಯ ಕೇಳಿ ಬಂದಾಗ, ಈ ಕೇಸು ನನಗೆ ಬೇಡ ಅಂತಾನೆ. ವಿಲ್ಸನ್‌ನನ್ನು ನೋಡಿ ನಕ್ಕ ಹೋಮ್ಸ್ ಇಲ್ಲಿ ಸಿಕ್ಕಿಹಾಕಿಕೊಂಡವಳ ಬಗ್ಗೆ ನಗೋದಿಲ್ಲ. ಒಬ್ಬ ಖದೀಮನಿಗೂ ಇನ್ನೊಬ್ಬನಿಗೂ ಇರೋ ವ್ಯತ್ಯಾಸ ಅವನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಊರಿನಲ್ಲಿ ಒಂದು ಭಾನುವಾರ

ಮೂರನೇ ದಿನ ಆಫೀಸಿಗೆ ರಜೆ ಹಾಕಿ ಊರಿಗೆ ಹೋದೆ. ಮೊದಲು ತಪ್ಪಾಯ್ತು ಅಂದೆ. ಅಪ್ಪ "ಇರ್ಲಿ ಬಿಡು" ಅಂದರು, ಮುಖ ನೋಡದೆ. ಇಬ್ಬರೂ ಕೂತು 1930ಕ್ಕೆ ಫೋನ್ ಮಾಡಿ ದೂರು ಬರೆಸಿದೆವು. ಠಾಣೆಗೂ ಹೋಗಿ ಬಂದೆವು. ತಡವಾಗಿದ್ದರಿಂದ ದುಡ್ಡು ಖಾತೆಯಿಂದ ಖಾತೆಗೆ ಹಾರಿಹೋಗಿತ್ತು. ಒಂದು ಚೂರು ಮಾತ್ರ ಯಾವುದೋ ಖಾತೆಯಲ್ಲಿ ತಡೆಹಿಡಿದಿದ್ದಾರೆ. ಮೊದಲ ದಿನವೇ ಹೇಳಿದ್ದರೆ ಬಹುಶಃ ಹೆಚ್ಚು ಉಳೀತಿತ್ತು. ಅಮ್ಮನ ಆಪರೇಷನ್ ಸ್ವಲ್ಪ ಮುಂದಕ್ಕೆ ಹೋಗಿದೆ, ನಿಂತಿಲ್ಲ. ಅಣ್ಣ ಮತ್ತು ನಾನು ನೋಡ್ಕೊಳ್ತೀವಿ.

ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಅಪ್ಪನಿಗೆ ವಿಲ್ಸನ್ ಕಥೆಯನ್ನು ಪೂರ್ತಿ ಹೇಳಿದೆ. ಹೋಮ್ಸ್ ನಕ್ಕಿದ್ದನ್ನೂ ಬಿಡಲಿಲ್ಲ. ಸುರಂಗ, ನೆಲಮಾಳಿಗೆಯ ಕತ್ತಲಲ್ಲಿ ಕಾದು ಕೂತದ್ದು, ಕ್ಲೇ ಸಿಕ್ಕಿಬಿದ್ದದ್ದು, ಬ್ಯಾಂಕಿನವರು ಹೋಮ್ಸ್‌ಗೆ ಥ್ಯಾಂಕ್ಸ್ ಹೇಳಿದ್ದು, ಎಲ್ಲ ಕೇಳಿಸಿಕೊಂಡರು. ಆಮೇಲೆ ಕೇಳಿದರು:

"ಸರಿ, ಆ ಅಂಗಡಿಯವನಿಗೆ ಯಾರಾದ್ರೂ ಹೋಗಿ ವಿಷಯ ಹೇಳಿದ್ರಾ?"

ನಾನು ಫೋನಿನಲ್ಲೇ ಕಥೆ ತೆಗೆದು ಕೊನೆಯ ಪುಟಗಳನ್ನು ಮತ್ತೆ ನೋಡಿದೆ. ಇಲ್ಲ. ಬೇಕರ್ ಸ್ಟ್ರೀಟಿನ ಮನೆಯಿಂದ ಎದ್ದು ಹೋದ ವಿಲ್ಸನ್ ಆಮೇಲೆ ಕಥೆಯಲ್ಲಿ ಬರೋದೇ ಇಲ್ಲ. ಬ್ಯಾಂಕಿನ ಚಿನ್ನ ಉಳೀತು, ಕಳ್ಳ ಸಿಕ್ಕ, ಹೋಮ್ಸ್‌ಗೆ ಬೇಜಾರು ಕಳೀತು. ನಮ್ಮಪ್ಪನಿಗೆ ಹೊಳೆದ ಪ್ರಶ್ನೆ ಇಷ್ಟು ವರ್ಷದಲ್ಲಿ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಹೇಳಿರ್ಬೇಕು ಬಿಡಿ," ಅಂದೆ.

"ಹೇಳಿರ್ತಾರೆ," ಅಂತ ಅಪ್ಪನೂ ಅಂದು, ಕನ್ನಡಕ ತೆಗೆದಿಟ್ಟು ಮಲಗಿದರು.

ನಿಮ್ಮ ಮನೆಯಲ್ಲೂ ಅಪ್ಪ, ಅಮ್ಮ, ಮಾವ, ಚಿಕ್ಕಮ್ಮ ಇರ್ತಾರೆ. ಯೂನಿಫಾರ್ಮ್ ಹಾಕಿಕೊಂಡು ವಿಡಿಯೋ ಕಾಲ್‌ನಲ್ಲಿ ಯಾರನ್ನೂ ಅರೆಸ್ಟ್ ಮಾಡೋಕೆ ಆಗಲ್ಲ, 'ಡಿಜಿಟಲ್ ಅರೆಸ್ಟ್' ಅನ್ನೋದು ನಮ್ಮ ಕಾನೂನಿನಲ್ಲೇ ಇಲ್ಲ ಅಂತ ಅವರಿಗೆ ಹೇಳಿಡಿ. 1930 ಅನ್ನೋ ನಂಬರನ್ನು ಅವರ ಫೋನಿನಲ್ಲಿ ಸೇವ್ ಮಾಡಿಕೊಡಿ. ಇದರ ಜೊತೆಗೆ ಇನ್ನೊಂದು ಮಾತನ್ನೂ ಇವತ್ತೇ ಹೇಳಿಬಿಡಿ: "ಏನೇ ಆದ್ರೂ ಮೊದಲು ನನಗೆ ಫೋನ್ ಮಾಡಿ, ನಾನು ನಗೋದಿಲ್ಲ."