ಅರಿಶಿನಕ್ಕೆ ಸುಣ್ಣ ಬಿದ್ದಾಗ

ಚಿನಕುರಳಿಯ ನಮ್ಮ ಮನೆಯಲ್ಲಿ ಮದುವೆಯಾಗಲಿ, ಬಾಣಂತಿ ಮಗು ಎತ್ತಿಕೊಂಡು ಹೊಸಿಲು ದಾಟುವುದಾಗಲಿ, ಆರತಿ ನೀರು ಕಲಸುವ ಕೆಲಸ ನಮ್ಮಜ್ಜಿಯದೇ. ತಟ್ಟೆಗೆ ನೀರು ಹೊಯ್ದು ಚಿಟಿಕೆ ಅರಿಶಿನ ಉದುರಿಸುತ್ತಿದ್ದಳು. ನೀರು ಹಳದಿಯಾಗುತ್ತಿತ್ತು, ಅದರಲ್ಲೇನೂ ವಿಶೇಷವಿರಲಿಲ್ಲ. ಆಮೇಲೆ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಬೆರಳ ತುದಿಯಲ್ಲಿ ಇಷ್ಟೇ ಇಷ್ಟು ಸುಣ್ಣ ಅದ್ದಿ ಕಲಕುವಳು. ಬೆರಳು ಸುತ್ತಿದ ಕಡೆಯೆಲ್ಲ ಕೆಂಪು ಎಳೆಗಳೇಳುತ್ತಿದ್ದವು. ಎರಡು ಸುತ್ತು ಮುಗಿಯುವಷ್ಟರಲ್ಲಿ ತಟ್ಟೆ ತುಂಬ ಕೆಂಪು. ‘ಕಡ್ಲೆಕಾಳಷ್ಟು ಸಾಕು ಮಗ, ಸುಣ್ಣ ಜಾಸ್ತಿ ಆದ್ರೆ ಕರ್ರಗಾಯ್ತದೆ’ ಎನ್ನುತ್ತಿದ್ದಳು. ಹಳದಿಗೆ ಬಿಳಿ ಬಿದ್ದರೆ ಕೆಂಪು ಎಲ್ಲಿಂದ ಬಂತು ಎಂದು ಕೇಳಿದರೆ ‘ಅದು ಹಂಗೇ’.

ಅರಿಶಿನದಲ್ಲಿರುವ ಕರ್ಕ್ಯುಮಿನ್ ಕ್ಷಾರ ಸೋಕಿದೊಡನೆ ಕೆಂಪಾಗುತ್ತದೆ, ನಿಂಬೆಹುಳಿ ಹಿಂಡಿದರೆ ಮತ್ತೆ ಹಳದಿಗೆ ಬರುತ್ತದೆ ಎಂದು ಮುಂದೆ ಓದಿ ತಿಳಿದೆ. ಸಾರಿನ ಕಲೆಗೆ ಸೋಪು ಉಜ್ಜಿದವರೆಲ್ಲ ಕಣ್ಣಾರೆ ಕಂಡಿರುವ ಸಂಗತಿಯೇ ಇದು. ಆದರೆ ಬಣ್ಣವೆಂದರೆ ಬಳಿಯುವ ವಸ್ತುವಲ್ಲ, ಒಂದಕ್ಕೊಂದು ಕೂಡಿದಾಗ ಆಗುವ ಘಟನೆ ಎಂಬುದನ್ನು ನನಗೆ ಮೊದಲು ತೋರಿಸಿದ್ದು ಆ ತಟ್ಟೆ.

ಬಣ್ಣಕ್ಕೆಂದೇ ಮೀಸಲಿಟ್ಟ ಈ ಸಂಚಿಕೆಗೆ ಬರಹಗಳನ್ನು ಕೂಡಿಸುವಾಗ ಒಂದು ಮಾತು ಮತ್ತೆ ಮತ್ತೆ ಎದುರಾಯಿತು: ಕೆಂಪು ಎಂದರೆ ಕೋಪ, ಬಿಳಿ ಎಂದರೆ ಶಾಂತಿ, ಹಸಿರು ಎಂದರೆ ಸಮೃದ್ಧಿ. ಶಾಲೆಯ ಗೋಡೆಯ ಮೇಲೂ ಇದೇ ಪಟ್ಟಿ. ಈ ಪಟ್ಟಿಯನ್ನು ನಾನು ಒಪ್ಪಲಾರೆ. ಬಣ್ಣಕ್ಕೆ ಅರ್ಥ ಅಂಟಿಕೊಂಡು ಹುಟ್ಟುವುದಿಲ್ಲ; ಯಾರು ಕಲಸಿದರು, ಎಲ್ಲಿಟ್ಟರು ಎನ್ನುವುದರ ಮೇಲೆ ಬರುತ್ತದೆ.

ಕೆಂಪನ್ನೇ ನೋಡಿ. ಅಜ್ಜಿಯ ತಟ್ಟೆಯ ಕೆಂಪು ದೃಷ್ಟಿ ತೆಗೆಯುವುದಕ್ಕೆ. ಅದೇ ಅರಿಶಿನ, ಅದೇ ಸುಣ್ಣ ಹದವಾಗಿ ಕೂಡಿದರೆ ಹಣೆಯ ಕುಂಕುಮ. ಹಂಡೆಯಲ್ಲಿ ಕಲಸಿದರೆ ಓಕುಳಿ. ನಮ್ಮ ತಾಲ್ಲೂಕಿನದೇ ಮೇಲುಕೋಟೆಗೆ ಹೋದರೆ, ಹಣೆಗಳ ಮೇಲೆ ಬೆಟ್ಟದ ಬಿಳಿ ನಾಮದ ಮಣ್ಣಿನ ನಡುವೆ ಶ್ರೀಚೂರ್ಣದ ಕೆಂಪು ಗೀರು. ಅದೂ ಅರಿಶಿನ ಸುಣ್ಣದ ಮಗುವೇ. ಮ. ರಾಮಮೂರ್ತಿಯವರು ರೂಪಿಸಿದ ಕನ್ನಡ ಬಾವುಟದ ಹಳದಿ ಕೆಂಪನ್ನು ನಾವು ಅರಿಶಿನ ಕುಂಕುಮ ಎಂದೇ ಕರೆಯುತ್ತೇವೆ. ಇಷ್ಟೆಲ್ಲ ಮಂಗಳದ ಕೆಂಪು. ಆದರೆ ಒಂದು ಕಾಲಕ್ಕೆ ಕೆಲವು ಬ್ರಾಹ್ಮಣ ಮನೆಗಳಲ್ಲಿ ಗಂಡ ಸತ್ತವಳ ತಲೆ ಬೋಳಿಸಿ ಉಡಿಸುತ್ತಿದ್ದದ್ದೂ ಕೆಂಪು ಸೀರೆಯನ್ನೇ. ಹಣೆಯಿಂದ ಅಳಿಸಿದ ಬಣ್ಣವನ್ನೇ ಮೈತುಂಬ ಹೊದಿಸಿದ ಆ ಕ್ರೌರ್ಯದ ಮುಂದೆ ಯಾವ ಪಟ್ಟಿ ನಿಂತೀತು?

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಗೆ ಹೋದವರು ಪಶ್ಚಿಮದ ಗೋಡೆಯ ಮುಂದೆ ಕೊಂಚ ಹೊತ್ತು ನಿಲ್ಲಬೇಕು. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ ಅದು. ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗ. ಚೌಕಾಕಾರದಲ್ಲಿ ಒತ್ತೊತ್ತಾಗಿ ನಿಂತ ಕೆಂಪು ಕೋಟಿನ ಇಂಗ್ಲಿಷ್ ಸಿಪಾಯಿಗಳು, ನಡುವೆ ಪಲ್ಲಕ್ಕಿಯಲ್ಲಿ ಅವರ ದಂಡನಾಯಕ ಕರ್ನಲ್ ಬೈಲಿ, ಸ್ಫೋಟಿಸುತ್ತಿರುವ ಮದ್ದಿನ ಬಂಡಿ. ಸುತ್ತ ಹೈದರ್ ಟಿಪ್ಪು ದಂಡು. ಇಲ್ಲಿ ಕೆಂಪು ಸೋಲುವವರ ಬಣ್ಣ. ಆ ಕೆಂಪನ್ನು ಹಾಗೆ ಒಂದೇ ಕಡೆ ಮುದ್ದೆಗಟ್ಟಿ ಇಟ್ಟಿದ್ದರಿಂದಲೇ ಸೈನ್ಯ ಸಿಕ್ಕಿಬಿದ್ದಿದೆ ಎಂದು ನಮ್ಮ ಕಣ್ಣಿಗೆ ತಿಳಿಯುತ್ತದೆ. ಚಿತ್ರಗಾರನ ಜಾಣ್ಮೆ ಅದು.

ಆ ಗೋಡೆಯ ಪಾಡೂ ಸಣ್ಣದಲ್ಲ. ಚಿತ್ರವನ್ನು ಒಮ್ಮೆ ಕೆಡಿಸಿದರು. ಟಿಪ್ಪು ಮಡಿದ ಮೇಲೆ ಅಲ್ಲಿ ವಾಸವಿದ್ದ ಇಂಗ್ಲಿಷ್ ಸೇನಾಧಿಕಾರಿ ಕರ್ನಲ್ ವೆಲ್ಲೆಸ್ಲಿ ಸರಿಪಡಿಸಿದ. ಮತ್ತೆ ಅದಕ್ಕೆ ಸುಣ್ಣ ಬಳಿಯಲಾಯಿತು. 19ನೇ ಶತಮಾನದ ನಡುವಿನಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯಂತೆ, ಮೂಲ ಚಿತ್ರ ನೆನಪಿದ್ದ ನಮ್ಮವನೇ ಒಬ್ಬ ಕಲಾವಿದ ಅದನ್ನು ಪುನಃ ಬರೆದ. ಅಜ್ಜಿಯ ತಟ್ಟೆಯಲ್ಲಿ ಸುಣ್ಣ ಕೆಂಪನ್ನು ಹುಟ್ಟಿಸಿತು, ಈ ಗೋಡೆಯಲ್ಲಿ ಸುಣ್ಣವೇ ಕೆಂಪನ್ನು ನುಂಗಿತು. ಬಣ್ಣ ಉಳಿದದ್ದು ಒಬ್ಬನ ನೆನಪಿನಲ್ಲಿ.

ಮೈಸೂರು ಶೈಲಿಯ ಚಿತ್ರಕಲೆ ಬೇರುಬಿಟ್ಟದ್ದೂ ಶ್ರೀರಂಗಪಟ್ಟಣದಲ್ಲೇ. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಚೆದುರಿದ ಚಿತ್ರಗಾರರಿಗೆ, 1610ರಲ್ಲಿ ಪಟ್ಟಣವನ್ನು ವಶಕ್ಕೆ ತೆಗೆದುಕೊಂಡ ರಾಜ ಒಡೆಯರು ಆಸರೆಯಾದರು. ಆ ಚಿತ್ರಗಾರರಿಗೆ ಅಂಗಡಿಯ ಬಣ್ಣದ ಡಬ್ಬಿ ಎಂಬುದಿರಲಿಲ್ಲ. ಹುಣಸೆ ಕಡ್ಡಿ ಸುಟ್ಟ ಇದ್ದಿಲಲ್ಲಿ ರೇಖೆ, ಅಳಿಲ ಕೂದಲಿನ ಕುಂಚ. ಚಿನ್ನದ ರೇಕು ಕೂರಿಸಲು ಮಕ್ಕಿ ಸುಧೆ, ಅಂದರೆ ಸಫೇದ ಎಂಬ ಬಿಳಿ ಪುಡಿ, ಮಕ್ಕಿ, ಅಂಟು ಸೇರಿಸಿ ಅರೆದದ್ದು. ಮಕ್ಕಿ ಒಂದು ಮರದ ಹಳದಿ ಅಂಟು. ಚಿತ್ರ ಬರೆಯುವಾಗ ಮೊದಲು ಆಕಾಶ, ಆಮೇಲೆ ಬೆಟ್ಟ ಹೊಳೆ, ಕೊನೆಗೆ ಮನುಷ್ಯರು, ದೇವರು. ಇಂಗಳೀಕದ ಕೆಂಪಿನಲ್ಲಿ ಪಾದರಸ, ಹರಿದಾಳದ ಹಳದಿಯಲ್ಲಿ ಆರ್ಸೆನಿಕ್. ವಿಷವನ್ನೇ ಅರೆದು ದೇವರ ಮೈಗೆ ಕಾಂತಿ ತಂದ ಕೈಗಳವು. ಅವರಿಗೆ ಬಣ್ಣದ ತೂಕ, ವಾಸನೆ, ಗುಣ ಎಲ್ಲ ಗೊತ್ತಿದ್ದವು. ಇಂದಿನ ಮಗುವಿಗೆ ಬಣ್ಣದ ನಂಬರು ಮಾತ್ರ ಗೊತ್ತು ಎಂಬುದು ನನಗೆ ನೋವಿನ ವಿಷಯ.

ಹೆಸರೇ ಹೋದ ಮೇಲೆ ಕಣ್ಣೂ ಮಂಕಾಗುತ್ತದೆ. ಗಿಣಿಹಸಿರು, ಮೆಂತ್ಯದ ಬಣ್ಣ, ಈರುಳ್ಳಿ ಸಿಪ್ಪೆ ಬಣ್ಣ, ಮಾವಿನ ಚಿಗುರಿನ ಬಣ್ಣ: ಸೀರೆ ಆರಿಸುವಾಗ ನಮ್ಮ ಹೆಂಗಸರು ಈಗಲೂ ಆಡುವ ಮಾತುಗಳಿವು. ಕೆ.ಆರ್. ಪೇಟೆ, ನಾಗಮಂಗಲದ ಸಂತೆಗಳಲ್ಲಿ ದನಗಳ ಮೈಬಣ್ಣಕ್ಕೆ ಬೇರೆಯೇ ಹೆಸರುಗಳಿವೆ. ಓದುಗರಲ್ಲಿ ನಮ್ಮ ಕೋರಿಕೆ ಇಷ್ಟೇ: ನಿಮ್ಮ ಮನೆಯ ಹಿರಿಯರನ್ನು ಕೇಳಿ, ನಿಮ್ಮೂರಿನಲ್ಲಿ ಬಣ್ಣಗಳಿಗಿರುವ ಹೆಸರುಗಳನ್ನು, ಆ ಬಣ್ಣ ಮಾಡುತ್ತಿದ್ದ ಬಗೆಯನ್ನು ಬರೆದು ಕಳುಹಿಸಿ. ಒಂದು ಸಾಲಾದರೂ ಸರಿ, ಮುಂದಿನ ಸಂಚಿಕೆಯಲ್ಲಿ ಊರಿನ ಹೆಸರಿನೊಂದಿಗೆ ಅಚ್ಚು ಹಾಕುತ್ತೇವೆ.