ಸಂತೆಯಲ್ಲಿ ನಾಯಿಗೆ ಎಡೆಯಿಲ್ಲವೆ?

ಕಳೆದ ತಿಂಗಳು ನಮ್ಮ ಸಂಘದ ಸಾಯಂಕಾಲದ ಕೂಟದಲ್ಲಿ ಹಿರಿಯ ಸದಸ್ಯರೊಬ್ಬರು ನನ್ನ ಕಡೆಗೆ ತಿರುಗಿ, "ನಾಯಿಯನ್ನು ಹಿಡಿದುಕೊಂಡು ಸಂತೆಗೆ ಹೋಗುವುದು ಪಟ್ಟಣದವರ ಶೋಕಿ, ನಮ್ಮ ನಾಡಿನ ಸಂಪ್ರದಾಯವಲ್ಲ" ಎಂದು ಅಪ್ಪಣೆ ಕೊಡಿಸಿದರು. ಸಭೆಯು ನಕ್ಕಿತು. ನಾನೂ ನಕ್ಕೆನು. ಅಷ್ಟರಲ್ಲಿ ಚಹವು ಬಂದಿತು, ಮಾತು ಬೇರೆ ಕಡೆಗೆ ಹರಿಯಿತು. ಆದರೆ ಆ ಮಾತು ನನ್ನೊಡನೆ ಮನೆಗೆ ಬಂದು ಇಂದಿನವರೆಗೂ ಹೊಸ್ತಿಲು ದಾಟಿಲ್ಲ. ಅಂದು ಬಾಯಿಗೆ ಬಾರದ ಉತ್ತರವನ್ನು ಸಂಪಾದಕರ ಅನುಮತಿಯಿಂದ ಇಂದು ಬರೆದು ಒಪ್ಪಿಸುತ್ತಿದ್ದೇನೆ. ಹಿರಿಯರು ಮನ್ನಿಸಬೇಕು, ಒಪ್ಪಲೇಬೇಕೆಂದು ನಾನು ಹೇಳುವುದಿಲ್ಲ.

ನಡೆದ ಸಂಗತಿಯನ್ನು ಮೊದಲು ಅರಿಕೆ ಮಾಡುತ್ತೇನೆ. ಘಟಪ್ರಭಾ ಮಲಪ್ರಭಾ ನದಿಗಳ ನಡುವಣ ಒಂದು ಸಂತೆಯೂರಿಗೆ ನನ್ನ ಮುಧೋಳ ತಳಿಯ ಹೆಣ್ಣುನಾಯಿಯೊಡನೆ ಹೋಗಿದ್ದೆನು. ಊರಿನ ಹೆಸರನ್ನು ಹೇಳುವುದಿಲ್ಲ. ಹೇಳಿದರೆ ಅಪವಾದವು ಆ ಒಂದೂರಿಗೇ ಅಂಟಿಕೊಳ್ಳುವುದು, ಮಿಕ್ಕ ಊರುಗಳು ತಮಗೇನೂ ಸಂಬಂಧವಿಲ್ಲವೆಂದು ಸುಮ್ಮನಿರುವುವು. ನಾಯಿಯ ಕೊರಳಲ್ಲಿ ಪಟ್ಟಿಯಿತ್ತು, ಪಟ್ಟಿಗೆ ಹಗ್ಗವಿತ್ತು, ಹಗ್ಗದ ತುದಿಯನ್ನು ನನ್ನ ಮುಂಗೈಗೆ ಸುತ್ತಿಕೊಂಡಿದ್ದೆನು. ಹುಚ್ಚುರೋಗದ ಲಸಿಕೆಯನ್ನು ಹಾಕಿಸಿದ ಪತ್ರವು ಅಂಗಿಯ ಜೇಬಿನಲ್ಲಿತ್ತು. ಸಂತೆಯ ಬಾಗಿಲಿನಲ್ಲಿ ಒಂದು ಹಲಗೆ: "ನಾಯಿಗಳಿಗೆ ಪ್ರವೇಶವಿಲ್ಲ." ಆ ಹಲಗೆಯ ನೆರಳಿನಲ್ಲಿಯೇ ಒಡೆಯರಿಲ್ಲದ ಮೂರು ನಾಯಿಗಳು ಮಲಗಿದ್ದುವು, ನಾಲ್ಕನೆಯದು ಮಾಂಸದ ಅಂಗಡಿಗಳ ಕಡೆಯಿಂದ ಏನನ್ನೋ ಕಚ್ಚಿಕೊಂಡು ಹೊರಗೆ ಬಂದಿತು. ಅವನ್ನು ಯಾರೂ ತಡೆಯಲಿಲ್ಲ. ಬಾಗಿಲಲ್ಲಿ ಸುಂಕದ ಚೀಟಿ ಹರಿಯುತ್ತಿದ್ದವನು ನನ್ನನ್ನು ತಡೆದನು. ಆ ನಾಯಿಗಳ ಮಾತೇನೆಂದು ಕೇಳಿದೆನು. "ಅವಕ್ಕ ಯಾರ್ನ ಕೇಳೂಣ್ರಿ ಸಾಹೇಬ್ರ? ಇದಕ್ಕಾದ್ರ ನೀವು ಅದೀರಿ" ಎಂದನು.

ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ತಿಳಿಯದೆಯೇ ನಮ್ಮ ಪೌರಾಡಳಿತದ ತತ್ತ್ವವನ್ನೆಲ್ಲ ಒಂದು ವಾಕ್ಯದಲ್ಲಿ ಹೇಳಿಬಿಟ್ಟನು: ಹೊಣೆ ಹೊರುವವನು ಸಿಕ್ಕಿದ ಕಡೆ ನಿಯಮವನ್ನು ಹೇರುವುದು, ಸಿಕ್ಕದ ಕಡೆ ಕಣ್ಣು ಮುಚ್ಚುವುದು.

ಮಧ್ಯಾಹ್ನ ಒಂದು ಖಾನಾವಳಿಗೆ ಹೋಗಿ, ಒಳಗಲ್ಲ, ಹೊರಗಿನ ಕಟ್ಟೆಯ ಮೇಲೆ ಕುಳಿತು ರೊಟ್ಟಿ ತಿನ್ನುವುದಕ್ಕೆ ಅಪ್ಪಣೆ ಬೇಡಿದೆನು. "ಮಂದಿ ಒಲ್ಲೆ ಅಂತಾರ್ರಿ" ಎಂದು ಯಜಮಾನನು ಕೈಯಾಡಿಸಿದನು. ಅವನ ತಲೆಯ ಹಿಂದೆ ಗೋಡೆಯ ಮೇಲೆ ದತ್ತಾತ್ರೇಯನ ಪಟವೊಂದು ತೂಗುತ್ತಿತ್ತು; ದೇವರ ಕಾಲ ಬಳಿಯಲ್ಲಿ ನಾಲ್ಕು ನಾಯಿಗಳು, ಮುಂದೆ ಊದುಬತ್ತಿ. ಚಿತ್ರದ ನಾಯಿಗಳಿಗೆ ಅವನ ಮಂದಿಯು ಒಲ್ಲೆನ್ನುವಂತೆ ಕಾಣಲಿಲ್ಲ.

ಕಡೆಗೆ ನಮಗೆ ಎಡೆ ಸಿಕ್ಕಿದ್ದು ಊರ ಹೊರಗಿನ ಕುರಿಸಂತೆಯಲ್ಲಿ. ಅಲ್ಲಿ ಹಲಗೆಯೂ ಇಲ್ಲ, ಬಾಗಿಲೂ ಇಲ್ಲ. ಕಂಬಳಿ ಹೊದೆದ ಕುರುಬರ ಮುದುಕನೊಬ್ಬನು ನಾಯಿಯ ಕಾಲುಗಳನ್ನೂ ಸೊಂಟವನ್ನೂ ಸವರಿ ನೋಡಿ, ತಂಬಿಗೆಯ ನೀರನ್ನು ಅಂಗೈಗೆ ಹೊಯ್ದುಕೊಂಡು ಕುಡಿಸಿದನು. "ಹಗ್ಗ ಬಿಡಬ್ಯಾಡ್ರಿ ಯಪ್ಪಾ, ಓಡೂದು ಕಂಡ್ರ ಇದು ನಿಂದ್ರಂಗಿಲ್ಲ" ಎಂದು ಎಚ್ಚರಿಸಿದನು. ಗ್ರಂಥಗಳನ್ನು ಓದಿ ನಾನು ತಿಳಿದುದೂ ಅಷ್ಟೆ. ಮುಧೋಳದ ನಾಯಿಯು ಮೂಸಿ ಬೇಟೆಯಾಡುವ ಜಾತಿಯಲ್ಲ, ಕಂಡು ಬೇಟೆಯಾಡುವ ಜಾತಿ. ಓಡುವ ಮೊಲವನ್ನೂ ಓಡುವ ಕುರಿಮರಿಯನ್ನೂ ಅದರ ಕಣ್ಣು ಬೇರೆ ಬೇರೆಯಾಗಿ ಎಣಿಸದು. ಅವನ ಸ್ವಂತ ನಾಯಿಯು ಕುರಿಗಳ ನಡುವೆ ಕುಳಿತಿತ್ತು. ಅದಕ್ಕೆ ಲಸಿಕೆ ಹಾಕಿಸಿದ್ದಾನೆಯೇ ಎಂದು ಕೇಳಿದೆನು. "ಸೂಜಿ ಮಾಡಾಕ ನಮ್ಮ ದಡ್ಡಿಗೆ ಯಾರು ಬರ್ತಾರ್ರಿ?" ಎಂದು ನಕ್ಕನು. ಈ ಪ್ರಶ್ನೆಗೆ ಮುಂದೆ ಬರುತ್ತೇನೆ.

ಇನ್ನು ಸಂಪ್ರದಾಯದ ಮಾತು. ಹಿರಿಯರು ಶಾಸನಗಳನ್ನು ಓದಬಲ್ಲವರು. ಆದುದರಿಂದ ಅವರನ್ನು ಮದ್ದೂರು ತಾಲ್ಲೂಕಿನ ಆತಕೂರಿಗೆ ಕರೆದೊಯ್ಯುತ್ತೇನೆ. ಕ್ರಿ. ಶ. 949-50ರ ಸುಮಾರಿನ ಮಾತು. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗನು ಮೆಚ್ಚಿ, ಬೇಕಾದುದನ್ನು ಬೇಡೆಂದನು. ಮಣಲೇರನು ಬೇಡಿದುದು ಕಾಳಿಯೆಂಬ ನಾಯಿಯನ್ನು. ಆ ಕಾಳಿಯು ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಹಂದಿಯೂ ತಾನೂ ಒಟ್ಟಿಗೆ ಸತ್ತುವು. ಕಾಳಿಗಾಗಿ ಕಲ್ಲನ್ನು ನೆಟ್ಟರು; ಎಲ್ಲಿ? ಊರ ಹೊರಗಲ್ಲ, ತಿಪ್ಪೆಯ ಮೇಲಲ್ಲ, ಚಲ್ಲೇಶ್ವರನ ಗುಡಿಯ ಮುಂದೆ. ಭೂಮಿಯನ್ನೂ ಬಿಟ್ಟು, ಕಲ್ಲಿಗೆ ಪೂಜೆ ಸಲ್ಲಿಸದೆ ಅಲ್ಲಿಯ ಗೊರವನು ಉಣ್ಣಕೂಡದೆಂದು ಕಟ್ಟುಮಾಡಿದರು. ಆ ಕಲ್ಲು ಈಗ ಬೆಂಗಳೂರಿನ ಸರಕಾರೀ ವಸ್ತುಸಂಗ್ರಹಾಲಯದಲ್ಲಿದೆ; ನಾಯಿಯೂ ಹಂದಿಯೂ ಕಾದುವ ಚಿತ್ರವು ಅದರ ಮೇಲಿದೆ. ಪಟ್ಟಣದ ಶೋಕಿಗೆ ಸಾವಿರ ವರ್ಷಗಳ ಆಯುಸ್ಸು ಎಲ್ಲಿಂದ ಬಂದಿತು?

ಮುಧೋಳದ ಮಾತನ್ನೂ ನೋಡೋಣ. ಆತಕೂರಿನ ಕಲ್ಲು ಎದ್ದ ಕಾಲದಲ್ಲಿಯೇ, 949ರಲ್ಲಿ, ಅದೇ ಮುದುವೊಳಲಿನಲ್ಲಿ ಬಳೆಗಾರರ ಮನೆಯಲ್ಲಿ ರನ್ನನು ಹುಟ್ಟಿದನು. ಬಳೆಗಾರರ ಬಾಳು ಸಂತೆಯ ಬಾಳು. ನಮ್ಮ ಕವಿಚಕ್ರವರ್ತಿಯು ಮೊದಲು ಕೇಳಿದ ದನಿಗಳಲ್ಲಿ ಸಂತೆಯ ಗದ್ದಲವೂ ಅದರೊಳಗಿನ ಬೊಗಳಿಕೆಯೂ ಸೇರಿರಲಾರವೆಂದು ಯಾರು ಹೇಳಬಲ್ಲರು? (ಇದು ನನ್ನ ಊಹೆ ಮಾತ್ರ, ಪಂಡಿತರು ಕೋಪಿಸಬೇಡಿ.) ಊಹೆಯಲ್ಲದುದನ್ನು ಹೇಳುತ್ತೇನೆ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಮುಧೋಳದ ಮಾಲೋಜಿರಾವ್ ಘೋರ್ಪಡೆ ಮಹಾರಾಜರು ಈ ತಳಿಯ ಜೋಡಿಯೊಂದನ್ನು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರು. 2005ರಲ್ಲಿ ಭಾರತದ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. 2016ರಲ್ಲಿ ಈ ತಳಿಯ ಮರಿಗಳು ಸೈನ್ಯದ ಶಿಕ್ಷಣಕ್ಕಾಗಿ ಮೀರತ್ತಿಗೆ ಹೋದುವು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾನಿಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ದೊರೆಯ ಅರಮನೆಗೆ ಯೋಗ್ಯ, ಲಕೋಟೆಯ ಮೂಲೆಗೆ ಯೋಗ್ಯ, ಗಡಿ ಕಾಯುವುದಕ್ಕೆ ಯೋಗ್ಯ. ತನ್ನ ಜಿಲ್ಲೆಯ ಸಂತೆಯಲ್ಲಿ ಒಡೆಯನ ಪಕ್ಕದಲ್ಲಿ ನಿಂತು ಒಂದು ಮುಷ್ಟಿ ನೀರು ಕುಡಿಯುವುದಕ್ಕೆ ಮಾತ್ರ ಅಯೋಗ್ಯ! ನಮ್ಮ ಅಭಿಮಾನವು ಚಿತ್ರಕ್ಕೆ ಸಲ್ಲುವಂತೆ ಜೀವಕ್ಕೆ ಸಲ್ಲುವುದಿಲ್ಲ.

ಎದುರಾಳಿಗಳ ಒಂದು ವಾದವು ಮಾತ್ರ ಗಟ್ಟಿಯಾದುದು. ಅದನ್ನು ಹಗುರವಾಗಿ ತಳ್ಳುವುದು ಪಾಪ. ಹುಚ್ಚುನಾಯಿ ಕಡಿತದ ರೋಗವು ಒಮ್ಮೆ ಲಕ್ಷಣಗಳನ್ನು ತೋರಿಸಿತೆಂದರೆ ರೋಗಿಯು ಬದುಕುವುದು ಇಲ್ಲವೆಂದೇ ಹೇಳಬೇಕು. ಅದಕ್ಕೆ ಬಲಿಯಾಗುವವರಲ್ಲಿ ಮಕ್ಕಳ ಪಾಲು ದೊಡ್ಡದು, ಬಡವರ ಮಕ್ಕಳ ಪಾಲು ಇನ್ನೂ ದೊಡ್ಡದು. ಕಚ್ಚಿದ ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಪಡೆದರೆ ಜೀವವುಳಿಯುತ್ತದೆ. ಇದನ್ನು ಬಿಟ್ಟು ಸುಣ್ಣ, ಮೆಣಸಿನಪುಡಿ ತುಂಬುವವರು ಈಗಲೂ ಇದ್ದಾರೆ. ಭಯವು ನಿಜವಾದುದು. ಆದರೆ ಆ ಭಯಕ್ಕೆ ಉತ್ತರವಾಗಿ ಹಲಗೆಯು ಏನು ಮಾಡಿತು? ಹಗ್ಗವುಳ್ಳ, ಲಸಿಕೆಯುಳ್ಳ, ಹೆಸರುಳ್ಳ ನಾಯಿಯನ್ನು ಹೊರಗಿಟ್ಟಿತು. ಮೂರೂ ಇಲ್ಲದುದನ್ನು ತನ್ನ ನೆರಳಿನಲ್ಲಿಯೇ ಮಲಗಿಸಿಕೊಂಡಿತು.

2025ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ಶಾಲೆ, ಆಸ್ಪತ್ರೆ, ಬಸ್ಸು ನಿಲ್ದಾಣ, ರೈಲು ನಿಲ್ದಾಣ ಮುಂತಾದ ಆವರಣಗಳಿಂದ ಬೀದಿನಾಯಿಗಳನ್ನು ತೆಗೆಸಬೇಕೆಂದು ಆಜ್ಞಾಪಿಸಿತು. ಹಿರಿಯರು ಅಂದು ಕೂಟದಲ್ಲಿ ಇದನ್ನೂ ಎತ್ತಿದರು. ಆ ಆಜ್ಞೆಯ ಒಳ್ಳೆಯದು ಕೆಟ್ಟದನ್ನು ಕುರಿತು ವಾದಿಸುವವರು ವಾದಿಸಲಿ. ಅದರ ವಿಷಯವು ಬೀದಿನಾಯಿ. ಒಡೆಯನ ಮುಂಗೈಗೆ ಹಗ್ಗ ಸುತ್ತಿದ ನಾಯಿಯನ್ನು ಅದರ ಲೆಕ್ಕಕ್ಕೆ ಸೇರಿಸುವುದು ಓದುವ ರೀತಿಯಲ್ಲ. ಸಾಕಿದವನಿಗೆ ಕಾನೂನು ಬೇರೆ ಇದೆ: ತನ್ನ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆಯೋ, 5000 ರೂಪಾಯಿವರೆಗೆ ದಂಡವೋ, ಎರಡೂ ಆಗಬಹುದು. ಅದನ್ನು ನಡೆಸಿರಿ, ನನ್ನ ಮೇಲೆಯೇ ಮೊದಲು ನಡೆಸಿರಿ. ಬೀದಿನಾಯಿಗಳಿಗೆ ಸಂತಾನಹರಣವನ್ನೂ ಲಸಿಕೆಯನ್ನೂ ಮಾಡಿಸುವ ಹೊಣೆಯನ್ನು 2023ರ ನಿಯಮಗಳು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿವೆ. ಬಣ್ಣದ ಡಬ್ಬಿಯೊಂದರಿಂದ ಆ ಹೊಣೆಯು ತೀರುವುದಿಲ್ಲ.

ನನ್ನ ಪಕ್ಷದವರೆನಿಸಿಕೊಳ್ಳುವವರಿಗೂ ಎರಡು ಮಾತು ಹೇಳದೆ ಬಿಡಲಾರೆನು. ಪಟ್ಟಣದಿಂದ ಮೋಟಾರಿನಲ್ಲಿ ನಾಯಿಯನ್ನು ತಂದು, ಗಾಜು ಏರಿಸಿ, ಬಿಸಿಲಿನಲ್ಲಿ ಬಿಟ್ಟು ಸಂತೆ ತಿರುಗುವ ಮಹನೀಯರನ್ನು ಕಣ್ಣಾರೆ ಕಂಡಿದ್ದೇನೆ. ಹೊರಗೆ 30 ಡಿಗ್ರಿ ಉಷ್ಣವಿರುವಾಗ ಮುಚ್ಚಿದ ಗಾಡಿಯೊಳಗೆ ಅರ್ಧ ಗಂಟೆಯಲ್ಲಿ 45ನ್ನು ಮೀರಬಹುದು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುವುದೊಂದೇ ಅದರ ದಾರಿ. ಇನ್ನು ಕೆಲವರು "ನಮ್ಮದು ಏನೂ ಮಾಡುವುದಿಲ್ಲ" ಎಂದು ಹಗ್ಗ ಬಿಚ್ಚುವವರು. ಸಂತೆಯಲ್ಲಿ ತಲೆಯ ಮೇಲೆ ಮೊಟ್ಟೆಯ ಬುಟ್ಟಿ ಹೊತ್ತ ಮುದುಕಿಗೆ ನಿಮ್ಮ ನಾಯಿಯ ಸ್ವಭಾವದ ಪರಿಚಯವಿಲ್ಲ. ಅವಳು ಹೆದರಿ ಹಿಂದೆ ಸರಿದರೆ ಬುಟ್ಟಿಯ ಬೆಲೆಯನ್ನು ಯಾರು ಕೊಡಬೇಕು? ಅಂಗಡಿಯವರು ಪ್ರೀತಿಯಿಂದ ಚಾಚುವ ಕರದಂಟಿನ ಚೂರನ್ನು ನಾಯಿಗೆ ಬೇಡವೆನ್ನುವ ಧೈರ್ಯವನ್ನೂ ಕಲಿಯಬೇಕು. ಅದರೊಳಗಿನ ಒಣದ್ರಾಕ್ಷಿಯು ನಾಯಿಯ ಮೂತ್ರಪಿಂಡಕ್ಕೆ ವಿಷ. ಅಮೀನಗಡದ ಕರದಂಟು ನಮಗಿರಲಿ.

ಈಗ ಮುದುಕನ ಪ್ರಶ್ನೆ. ನಾಯಿಗಳಲ್ಲಿ ನೂರಕ್ಕೆ 70ರಷ್ಟಕ್ಕಾದರೂ ಲಸಿಕೆಯಾದರೆ ರೋಗವು ಹಬ್ಬುವ ಸರಪಳಿಯು ಮುರಿಯುವುದೆಂದು ವೈದ್ಯಶಾಸ್ತ್ರವು ನಿಶ್ಚಯಿಸಿದೆ. ಬಯಲಿನಿಂದ ಬಯಲಿಗೆ ಹೋಗುವ ಕುರಿಗಾರರ ನಾಯಿಗಳನ್ನು ಸೂಜಿಯು ಎಲ್ಲಿ ಹುಡುಕಬೇಕು? ಇಂದು ಈ ಹಳ್ಳ, ನಾಳೆ ಆ ಗುಡ್ಡ. ಆದರೆ ವಾರಕ್ಕೊಮ್ಮೆ, ಗೊತ್ತಾದ ದಿನ, ಗೊತ್ತಾದ ಹೊತ್ತಿನಲ್ಲಿ, ಅವರು ತಾವಾಗಿಯೇ ಬಂದು ಸೇರುವ ಒಂದು ಸ್ಥಳವಿದೆ. ಅದರ ಹೆಸರು ಸಂತೆ. ಪಶುವೈದ್ಯರ ಒಂದು ಮೇಜು, ಒಂದು ಮಂಜುಗಡ್ಡೆಯ ಪೆಟ್ಟಿಗೆ, ಪತ್ರ ಬರೆದು ಕೊಡುವುದಕ್ಕೆ ಒಬ್ಬ ಗುಮಾಸ್ತ, ಇಷ್ಟನ್ನು ಆ ಬಾಗಿಲಿನಲ್ಲಿ ಕೂರಿಸಿದರೆ, ನಾಯಿಯನ್ನು ತಂದವನು ಸೂಜಿ ಹಾಕಿಸಿಕೊಂಡು ಒಳಗೆ ಹೋಗುವನು. ಮುಂದಿನ ವಾರ ಅವನ ನೆರೆಯವನು ತನ್ನದನ್ನು ತರುವನು. "ನಾಯಿಗಳಿಗೆ ಪ್ರವೇಶವಿಲ್ಲ" ಎಂದು ಬರೆಸಿದವರು ರೋಗವನ್ನು ಹೊರಗಟ್ಟಲಿಲ್ಲ, ಲಸಿಕೆಗೆ ಸಿಕ್ಕುತ್ತಿದ್ದ ನಾಯಿಯನ್ನು ಹೊರಗಟ್ಟಿದರು. ಸಂಘದ ಮುಂದಿನ ಸಭೆಯಲ್ಲಿ ಈ ವಿಷಯದ ಬಿನ್ನವತ್ತಳೆಯೊಂದನ್ನು ಮಂಡಿಸುವೆನು; ಪುರಸಭೆಗೂ ಪಶುವೈದ್ಯ ಇಲಾಖೆಗೂ ಒಂದೊಂದು ಪ್ರತಿ ಹೋಗಬೇಕು. ಹಿರಿಯರು ಅದಕ್ಕೆ ಮೊದಲ ರುಜು ಹಾಕುವರೆಂಬ ಆಸೆಯನ್ನು ನಾನು ಬಿಟ್ಟಿಲ್ಲ.

ಆ ಸಂತೆಯ ಬಾಗಿಲಿನ ಬಲಗಡೆ, ಹಿಂದೆ ಎತ್ತುಗಳಿಗೆ ನೀರುಣಿಸುತ್ತಿದ್ದ ಕಲ್ಲುಬಾನಿಯೊಂದಿದೆ. ಈಗ ಅದರಲ್ಲಿ ಬಾಳೆಯ ಸಿಪ್ಪೆಯೂ ಚಹದ ಕಾಗದದ ಬಟ್ಟಲುಗಳೂ ತುಂಬಿವೆ. ಮುಂದಿನ ವಾರ ನಾಯಿಯೊಡನೆ ಮತ್ತೆ ಅಲ್ಲಿಗೆ ಹೋಗುತ್ತೇನೆ. ಈ ಸಲ ಜೇಬಿನಲ್ಲಿ ಲಸಿಕೆಯ ಪತ್ರ, ಕೈಯಲ್ಲಿ ಒಂದು ಕಸಬರಿಗೆ, ಒಂದು ಕೊಡ ನೀರು.