ಬಂಡಿ ಬಿಟ್ಟಲ್ಲಿ ಬೀಡು

ಶರದೃತುವಿನ ವಿಷಯದಲ್ಲಿ ಚೆನ್ನೈವಾಸಿಗಳಾದ ನಾವು ಬಡವರು. ಆಶ್ವಯುಜ, ಕಾರ್ತಿಕಗಳು ಶರತ್ತಿನ ಮಾಸಗಳೆಂದು ಪಂಚಾಂಗ ಹೇಳುತ್ತದೆ; ಇಲ್ಲಿನ ಆಕಾಶ ಮಾತ್ರ ಅದನ್ನು ಒಪ್ಪುವುದಿಲ್ಲ. ಅಕ್ಟೋಬರ್ ಮೂರನೆಯ ವಾರದ ಹೊತ್ತಿಗೆ ಈಶಾನ್ಯ ಮಾರುತ ಕಾಲಿಡುತ್ತದೆ. ವರ್ಷಕ್ಕೆ ಸುಮಾರು 1400 ಮಿಲಿಮೀಟರ್ ಮಳೆ ಕಾಣುವ ಈ ನಗರಕ್ಕೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬೀಳುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮೂರು ತಿಂಗಳಲ್ಲಿ. ಬೆಳದಿಂಗಳೂ ತಿಳಿನೀರೂ ಕಾವ್ಯಗಳಲ್ಲಿ ಉಳಿದು, ನಮ್ಮ ಪಾಲಿಗೆ ಕೊಡೆಯೂ ನೀರು ನಿಂತ ರಸ್ತೆಯೂ ಬರುತ್ತವೆ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ‘ಶರತ್’ ಎಂಬುದು ಸಹಪಾಠಿಯೊಬ್ಬನ ಹೆಸರು, ಅಷ್ಟೆ.

ಇಂಗ್ಲಿಷ್ ಸಾಹಿತ್ಯವನ್ನು ಓದಿ ಬಂದ ನಮ್ಮಂಥವರಿಗೆ ಶರತ್ಕಾಲವೆಂದರೆ ಮೊದಲು ನೆನಪಾಗುವವನು ಕೀಟ್ಸ್. ಆತ 1819ರ ಸೆಪ್ಟೆಂಬರ್‌ನಲ್ಲಿ ಬರೆದ ಕವಿತೆಯಲ್ಲಿ ಹಣ್ಣು ಮಾಗಿದೆ, ಪೈರು ಕೊಯ್ದಾಗಿದೆ, ಹಕ್ಕಿಗಳು ಹೊರಡಲು ಸಿದ್ಧವಾಗಿವೆ. ಆ ಸೀಮೆಗಳ ಜನ ಇಂದಿಗೂ ಶರತ್ಕಾಲದಲ್ಲಿ ಕಾರಿನ ಹಿಂದೆ ಪುಟ್ಟ ಟ್ರೇಲರ್ ಕಟ್ಟಿಕೊಂಡು ಹೊರಡುತ್ತಾರೆ. ಬೇಸಿಗೆಯ ಗದ್ದಲ ತಗ್ಗಿರುತ್ತದೆ, ಎಲೆಗಳು ಬಣ್ಣ ತಿರುಗಿರುತ್ತವೆ, ಸಂಜೆಗೆ ಬೆಂಕಿ ಕಾಯಿಸಿಕೊಳ್ಳುವಷ್ಟು ಹಿತವಾದ ಚಳಿ ಇರುತ್ತದೆ. ಆದರೆ ಅದು ಹಿಮ ಬೀಳುವ ಮುನ್ನಿನ ಕೊನೆಯ ಪಯಣ. ಮರಳಿದ ಮೇಲೆ ಟ್ರೇಲರ್‌ಗೆ ಮುಸುಕು ಹಾಕಿ ಬಾಗಿಲು ಮುಚ್ಚಿಕೊಳ್ಳಬೇಕು.

ಕನ್ನಡ ನಾಡಿನ ಶರತ್ತು ಬಾಗಿಲು ತೆರೆಯುವ ಕಾಲ. ನೈಋತ್ಯ ಮಳೆ ಹಿಂದೆ ಸರಿದು, ಕೆಸರು ಆರಿ, ಬಂಡಿಯ ದಾರಿ ಗಟ್ಟಿಯಾಗುವ ಹೊತ್ತಿಗೆ ಆಶ್ವಯುಜದ ಹುಣ್ಣಿಮೆ ಬರುತ್ತದೆ. ಉತ್ತರ ಕರ್ನಾಟಕದವರು ಅದನ್ನು ಸೀಗೆ ಹುಣ್ಣಿಮೆ ಎನ್ನುತ್ತಾರೆ. ಮಲೆನಾಡಿನವರು ಭೂಮಿ ಹುಣ್ಣಿಮೆ ಎನ್ನುತ್ತಾರೆ. ಹೊಲದಲ್ಲಿ ನಿಂತ ಪೈರು ಅಂದು ಬಸುರಿ. ಅವಳ ಬಯಕೆ ತೀರಿಸುವುದೇ ಹಬ್ಬ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಲೆ, ಶೇಂಗಾ ಚಟ್ನಿ, ಕಡುಬು, ಮೊಸರು ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಬಂಡಿ ಏರಿ ಹೊಲಕ್ಕೆ ಹೋಗುತ್ತಾರೆ. ಪೂಜೆ ಮುಗಿಸಿ, ಚರಗ ಚೆಲ್ಲಿ, ಬದುವಿನ ಮೇಲೆ ಸಾಲಾಗಿ ಕುಳಿತು ಉಣ್ಣುತ್ತಾರೆ. ಮಲೆನಾಡಿನಲ್ಲಿ ಕೆಮ್ಮಣ್ಣು ಬಳಿದು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅಡಿಗೆ ಗದ್ದೆಗೆ ಸಾಗುತ್ತದೆ. ಕೀಟ್ಸನ ಶರತ್ತಿನಲ್ಲಿ ಎಲ್ಲವೂ ಮುಗಿಯುತ್ತ ಬಂದಿದೆ. ನಮ್ಮದರಲ್ಲಿ ಎಲ್ಲವೂ ಇನ್ನೂ ಹುಟ್ಟಬೇಕಾಗಿದೆ. ಈ ವ್ಯತ್ಯಾಸವನ್ನು ಪಾಠದ ಕೋಣೆಯಲ್ಲಿ ಕುಳಿತು ತಿಳಿಯುವುದು ಕಷ್ಟ.

ಸೀಗೆ ಹುಣ್ಣಿಮೆಯ ಬಂಡಿ ಸಾಮಾನ್ಯವಾಗಿ ಸಂಜೆಗೆ ಮನೆಗೆ ಮರಳುತ್ತದೆ. ರಾತ್ರಿ ತಂಗುವ ಬಂಡಿಯನ್ನು ನೋಡಬೇಕಾದರೆ, ಶರತ್ತು ಕಳೆದ ಮೇಲೆ ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಬೇಕು. ಕೊಲ್ಲಾರಿ ಬಂಡಿಗಳಲ್ಲಿ ಹಾಸಿಗೆ, ಪಾತ್ರೆ, ಹಿಟ್ಟು, ದನಕ್ಕೆ ಮೇವು ಎಲ್ಲವನ್ನೂ ಹೇರಿಕೊಂಡು ದಿನಗಟ್ಟಲೆ ದಾರಿ ನಡೆದು ಬಂದು, ಜೋಗುಳಬಾವಿಯಲ್ಲಿ ಮಿಂದು, ಮೂರು ಕಲ್ಲು ಹೂಡಿ ಅಡಿಗೆ ಮಾಡಿ, ಪಡ್ಡಲಗಿ ತುಂಬಿಸಿ, ಬಂಡಿಯ ನೆರಳಿನಲ್ಲಿ ಮಲಗಿದ ಜನ ಅವರು. ಪುಟ್ಟ ಟ್ರೇಲರ್‌ನಲ್ಲಿ ಬಿಡಾರ ಹೂಡುವುದೆಂದರೆ ಇದಲ್ಲದೆ ಮತ್ತೇನು? ನೊಗ ಇಳಿಸಿ ಎತ್ತು ಬಿಟ್ಟ ಜಾಗ ಅಂದಿನ ಮನೆ. ‘ಬಿಡು’ ಎಂಬ ಕ್ರಿಯೆಯಿಂದಲೇ ‘ಬೀಡು’ ಎಂಬ ಮಾತು ಹುಟ್ಟಿತು. ರಾಜರ ನೆಲೆವೀಡಿಗೂ ಒಕ್ಕಲಿಗನ ಬಿಡಾರಕ್ಕೂ ಮೂಲ ಒಂದೇ. ನಮ್ಮ ಕಚೇರಿಗಳಲ್ಲಿ ‘ಸಾಹೇಬರು ಕ್ಯಾಂಪಿನಲ್ಲಿದ್ದಾರೆ’ ಎಂದರೆ ಸಾಹೇಬರು ಸಿಗುವುದಿಲ್ಲ ಎಂದಷ್ಟೇ ಅರ್ಥವಾಗಿರುವುದು ಆ ಮಾತಿನ ದುರದೃಷ್ಟ.

ಇಂಥ ವಾಸದ ಸುಖ ಅದರ ಸಣ್ಣತನದಲ್ಲಿದೆ. ಬಂಡಿಯಲ್ಲಿ ಹಿಡಿಸುವಷ್ಟೇ ಸಾಮಾನು. ಆದ್ದರಿಂದ ಏನು ಬೇಕು, ಏನು ಬೇಡ ಎಂಬ ವಿಚಾರ ಹೊರಡುವ ಮೊದಲೇ ತೀರಿರುತ್ತದೆ. ಒಂದು ಒಲೆ, ಒಂದು ದೀಪ, ಒಂದು ಕೊಡ ನೀರು ಇರುವಲ್ಲಿ ಮನೆಯವರು ಒಬ್ಬರಿಗೊಬ್ಬರು ಒದಗಲೇಬೇಕು. ಕತ್ತಲೆಗೆ ಮಕ್ಕಳು ಮೊದಲು ಹೆದರಿ, ಆಮೇಲೆ ಅದರೊಳಗಿನ ಸದ್ದುಗಳಿಗೆ ಹೆಸರು ಕೇಳತೊಡಗುತ್ತಾರೆ. ಬದು, ಸಾಲು, ತೆನೆ, ಮೇಟಿ, ಕಣ ಎಂಬ ಮಾತುಗಳು ಅವರ ಕಿವಿಗೆ ಅರ್ಥದೊಡನೆ ಬೀಳುವುದು ಆಗ. ಹೊರನಾಡಿನಲ್ಲಿ ನಾವು ವಾರಕ್ಕೊಮ್ಮೆ ಕಲಿಸುವ ಕನ್ನಡ ಅಕ್ಷರಗಳನ್ನು ಕೊಡಬಲ್ಲದು. ಈ ಮಾತುಗಳನ್ನು ಕೊಡಲು ನೆಲವೇ ಬೇಕು.

ಇದನ್ನು ಈಗ ‘ಕ್ಯಾರವಾನ್ ಪ್ರವಾಸ’ ಎಂಬ ಹೆಸರಿನಲ್ಲಿ ನಮಗೆ ಮಾರಲಾಗುತ್ತಿದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಇದಕ್ಕೊಂದು ನೀತಿಯನ್ನು ರೂಪಿಸಿದೆ. ಕೇರಳ 2021ರಲ್ಲಿ ‘ಕೇರವಾನ್ ಕೇರಳ’ ಎಂಬ ಯೋಜನೆಯನ್ನು ಪ್ರಕಟಿಸಿತು. ಉದ್ದೇಶ ಒಳ್ಳೆಯದೇ. ಆದರೆ ಹವಾನಿಯಂತ್ರಣ, ಟಿ.ವಿ., ಸೋಫಾ ತುಂಬಿದ ವಾಹನವೆಂದರೆ ಹೋಟೆಲಿನ ಕೋಣೆಗೆ ಚಕ್ರ ಜೋಡಿಸಿದಂತೆ. ಗುಮಾಸ್ತರಿಗೂ ಶಿಕ್ಷಕರಿಗೂ ಅದರ ಬಾಡಿಗೆ ಎಟುಕದು; ಎಟುಕಿದರೂ ಗಾಜಿನ ಆಚೆ ಉಳಿಯುವ ನೆಲ ಅವರಿಗೆ ದಕ್ಕದು. ಇತ್ತ ಟ್ರ್ಯಾಕ್ಟರ್‌ನ ಟ್ರೇಲರ್‌ನಲ್ಲಿ ಜನರನ್ನು ತುಂಬಿ ಜಾತ್ರೆಗೆ ಒಯ್ಯುವುದನ್ನೂ ನಾವು ಹೊಗಳಲಾರೆವು. ಅದು ಕಾನೂನಿಗೆ ವಿರುದ್ಧ. ಮಗುಚಿ ಬಿದ್ದು ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ.

ಸರ್ಕಾರಗಳಿಂದ ನಾವು ಕೇಳಬೇಕಾದದ್ದು ಐಷಾರಾಮಿ ವಾಹನವನ್ನಲ್ಲ, ಸರಳವಾದ ಬಯಲನ್ನು. ಕುಡಿಯುವ ನೀರು, ಹೆಂಗಸರು ಅಂಜದೆ ಬಳಸಬಹುದಾದ ಶೌಚಾಲಯ, ಒಂದು ದೀಪ, ಒಬ್ಬ ಕಾವಲುಗಾರ, ಡೇರೆ ಹೂಡಲೂ ಗಾಡಿ ನಿಲ್ಲಿಸಲೂ ಸಮತಟ್ಟಾದ ನೆಲ ಇಷ್ಟಿದ್ದರೆ ಸಾಕು. ಅದು ಕಾಡಿನೊಳಗೆ ಬೇಡ. ಕಾಡಿನ ರಾತ್ರಿಯನ್ನು ಅಲ್ಲಿಯ ಪ್ರಾಣಿಗಳಿಗೇ ಬಿಡುವುದು ಲೇಸು. ಕೆರೆಯ ಮಗ್ಗುಲಲ್ಲಿ, ಜಾತ್ರೆಯ ಬಯಲಿನಲ್ಲಿ, ಒಪ್ಪುವ ರೈತನ ಹೊಲದಂಚಿನಲ್ಲಿ ಅದು ಇರಲಿ. ಅದರ ಬಾಡಿಗೆ ಗ್ರಾಮ ಪಂಚಾಯಿತಿಗೋ ಆ ರೈತನಿಗೋ ಸಲ್ಲಲಿ.

ಅದಾಗುವವರೆಗೆ ನಾವು ಕಾಯಬೇಕಾಗಿಯೂ ಇಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ ಸ್ವಂತ ಊರಿಗೆ ಹೋಗಿಬರಲು ಎಲ್‌.ಟಿ.ಸಿ. ಇದೆ. ಸ್ವಂತ ಕಾರಿನ ಪಯಣಕ್ಕೆ ಅದು ಹಣ ಕೊಡುವುದಿಲ್ಲ ಎಂಬುದು ನಿಜ. ಆದರೆ ಊರಿನ ನಿಲ್ದಾಣದವರೆಗೆ ರೈಲಿದೆ, ಅಲ್ಲಿಂದ ಮುಂದೆ ನೆಂಟರಿದ್ದಾರೆ. ಕೇಂದ್ರೀಯ ವಿದ್ಯಾಲಯಗಳಿಗೆ ದಸರೆಯ ಸುತ್ತ ಶರತ್ಕಾಲದ ರಜೆ ಬರುತ್ತದೆ. ವಿಜಯದಶಮಿಯಿಂದ ಐದು ದಿನ ಕಳೆದರೆ ಹುಣ್ಣಿಮೆ. ಅಂದೇ ಮಹರ್ಷಿ ವಾಲ್ಮೀಕಿ ಜಯಂತಿಯಾದ್ದರಿಂದ ನಮ್ಮ ರಜೆಪಟ್ಟಿಯಲ್ಲಿ ಅದು ನಿರ್ಬಂಧಿತ ರಜೆ. ಬಂಡಿ ಸಿಕ್ಕರೆ ಬಂಡಿ, ಸಿಗದಿದ್ದರೆ ಒಂದು ಡೇರೆ. ನಮ್ಮ ಪರಿಚಯದ ಮನೆಗಳು ದಸರೆಯ ರಜೆಯನ್ನು ಊಟಿ, ಕೊಡೈಕಾನಲ್‌ಗಳ ಕೋಣೆಗಳಲ್ಲಿ ಕಳೆಯುವ ಬದಲು ಒಮ್ಮೆಯಾದರೂ ಹೀಗೆ ಕಳೆಯಲಿ ಎಂಬುದು ನಮ್ಮ ಆಶೆ.

ನಮ್ಮ ಸೇವಾ ದಾಖಲೆಗಳಲ್ಲಿ ‘ಸ್ವಂತ ಊರು’ ಎಂಬೊಂದು ಘೋಷಣೆ ಇರುತ್ತದೆ. ಇಡೀ ಸೇವಾವಧಿಯಲ್ಲಿ ಅದನ್ನು ಒಮ್ಮೆ ಮಾತ್ರ ಬದಲಿಸಬಹುದೆಂಬುದು ನಿಯಮ. ಕಡತದಲ್ಲಿ ಅಷ್ಟು ಭದ್ರವಾಗಿರುವ ಆ ಊರಿನ ಮಣ್ಣಿನ ಮೇಲೆ ನಮ್ಮ ಎಷ್ಟು ಮಕ್ಕಳು ಒಂದು ರಾತ್ರಿಯಾದರೂ ಮಲಗಿದ್ದಾರೆ?